ಕಾಣದ ಅಲೆಯ ಲೆಕ್ಕ ಹಾಕಿದ ರಾಸ್ಬಿ

ನಾನು ಮದುವೆಯಾಗಿ ಪುಣೆಗೆ ಬಂದಾಗಿನಿಂದ ಸವದತ್ತಿ ಕಡೆಯ ನಮ್ಮ ಊರಿನಿಂದ ಅವ್ವನ ಫೋನಿನಲ್ಲಿ ಒಂದು ಪ್ರಶ್ನೆ ತಪ್ಪುತ್ತಿರಲಿಲ್ಲ: ಈ ಸಲ ಮಳೆ ಹೇಗೆ? ಹವಾಮಾನದ ದೊಡ್ಡ ಕಚೇರಿ ಇರುವ ಊರಿನಲ್ಲಿ ಮಗಳಿದ್ದಾಳೆ, ಅವಳಿಗೆ ಗೊತ್ತಿರಲೇಬೇಕು ಎಂಬ ನಂಬಿಕೆ ಅವಳದು. 2002ರಲ್ಲಿ ಅಪ್ಪ ಎರಡು ಸಲ ಬಿತ್ತಿದರು, ಎರಡು ಸಲವೂ ಬೀಜ ಮಣ್ಣಲ್ಲೇ ಒಣಗಿತು. ಅಂದು ಉತ್ತರ ಹೇಳಲಾಗದೆ ನಾನು ಫೋನ್ ಇಟ್ಟಿದ್ದೆ. ಪಾಷಾಣದ ಉಷ್ಣವಲಯ ಹವಾಮಾನ ಸಂಸ್ಥೆಯ ಮುಂದೆ ಹಾದುಹೋಗುವಾಗೆಲ್ಲ ಆ ಮೌನ ನೆನಪಾಗುತ್ತಿತ್ತು. ಮಳೆಯ ಬಗ್ಗೆ ಓದತೊಡಗಿದ್ದು ಹಾಗೆ. ಆ ಓದಿನಲ್ಲಿ ಸಿಕ್ಕವರು ಕಾರ್ಲ್ ಗುಸ್ತಾಫ್ ರಾಸ್ಬಿ.

ಅವರು ಹುಟ್ಟಿದ್ದು 1898ರ ಡಿಸೆಂಬರ್ 28ರಂದು, ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ. ಇಪ್ಪತ್ತರ ವಯಸ್ಸಿಗೇ ನಾರ್ವೆಯ ಬರ್ಗೆನ್ನಿಗೆ ಹೋಗಿ ವಿಲ್ಹೆಲ್ಮ್ ಬ್ಯರ್ಕ್ನೆಸ್ ಅವರ ಬಳಿ ಹವಾಮಾನ ಕಲಿತರು. 1926ರಲ್ಲಿ ಅಮೆರಿಕಕ್ಕೆ ಹೋದರು. ಎರಡು ವರ್ಷದಲ್ಲಿ ಎಂಐಟಿಯಲ್ಲಿ ಹವಾಮಾನ ಪಾಠ ಶುರುಮಾಡಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಷಿಕಾಗೋದಲ್ಲಿದ್ದು ಸೈನ್ಯಕ್ಕೆ ಬೇಕಾದ ಹವಾಮಾನ ಅಧಿಕಾರಿಗಳ ತರಬೇತಿಗೆ ಮುಂದಾಳಾದರು. ಯುದ್ಧ ಮುಗಿದ ಮೇಲೆ ಸ್ಟಾಕ್‌ಹೋಮ್‌ಗೆ ಮರಳಿ ಅಲ್ಲೊಂದು ಸಂಸ್ಥೆ ಕಟ್ಟಿದರು.

ಅವರ ಹೆಸರು ಉಳಿದದ್ದು 1939ರ ಒಂದು ಪ್ರಬಂಧದಿಂದ. ಭೂಮಿ ದುಂಡಗಿದೆ, ತಿರುಗುತ್ತದೆ. ಆ ತಿರುಗುವಿಕೆಯ ಪರಿಣಾಮ ಸಮಭಾಜಕದಲ್ಲಿ ಒಂದು ಬಗೆ, ಧ್ರುವದ ಕಡೆ ಇನ್ನೊಂದು ಬಗೆ. ಹಾಗಾಗಿ ಉತ್ತರಕ್ಕೋ ದಕ್ಷಿಣಕ್ಕೋ ಸರಿದ ಗಾಳಿ ಹಿಂದಕ್ಕೆ ವಾಲುತ್ತದೆ. ಸಾವಿರಾರು ಕಿಲೋಮೀಟರ್ ಉದ್ದದ ಅಲೆ ಏಳುತ್ತದೆ. ಇದೇ ಲೆಕ್ಕ ಸಮುದ್ರಕ್ಕೂ ಹೊಂದುತ್ತದೆ. ಆದರೆ ಅಲ್ಲಿ ಈ ಅಲೆ ಮೇಲ್ಮೈಯನ್ನು ಎತ್ತುವುದು ಕೆಲವೇ ಸೆಂಟಿಮೀಟರ್. ಪಶ್ಚಿಮಕ್ಕೆ ತೆವಳುತ್ತಾ ಶಾಂತಸಾಗರ ದಾಟಲು ವರ್ಷಗಟ್ಟಲೆ ಬೇಕು. ಹಡಗಿನ ಮೇಲೆ ನಿಂತವರಿಗೆ ಅದು ಕಾಣುವ ಮಾತೇ ಇಲ್ಲ.

1956ರ ಡಿಸೆಂಬರ್‌ನಲ್ಲಿ ಟೈಮ್ ಪತ್ರಿಕೆಯ ಮುಖಪುಟದಲ್ಲಿ ರಾಸ್ಬಿ ಅವರ ಚಿತ್ರ ಬಂತು. 1957ರ ಆಗಸ್ಟ್ 19ರಂದು ಅವರು ತೀರಿಕೊಂಡರು, ವಯಸ್ಸು 58. ಆರೇಳು ವಾರಗಳಲ್ಲಿ, ಅಕ್ಟೋಬರ್ 4ರಂದು, ಮೊದಲ ಉಪಗ್ರಹ ಸ್ಪುಟ್ನಿಕ್ ಹಾರಿತು. ಅದೇ ವರ್ಷ, ಹಡಗು ಹತ್ತಲು ಹೆಂಗಸೆಂದು ಅವಕಾಶವಿಲ್ಲದೆ ದಡದಲ್ಲೇ ಕುಳಿತು ಕೆಲಸ ಮಾಡಿದ ಮೇರಿ ಥಾರ್ಪ್, ಬ್ರೂಸ್ ಹೀಜನ್ ಜೊತೆ ಉತ್ತರ ಅಟ್ಲಾಂಟಿಕ್ ತಳದ ನಕ್ಷೆ ಹೊರತಂದರು. ಸಮುದ್ರದ ತಳ ಸಪಾಟಲ್ಲ, ಬೆಟ್ಟಸಾಲು ಕಣಿವೆಗಳ ನಾಡು ಎಂದು ಅದು ತೋರಿಸಿತು.

ಈ ಎಳೆಗಳು ಕೂಡಿದ್ದು 1992ರಲ್ಲಿ ಹಾರಿದ ಟೋಪೆಕ್ಸ್-ಪೊಸೈಡನ್ ಉಪಗ್ರಹದಿಂದ. 1,336 ಕಿಲೋಮೀಟರ್ ಎತ್ತರದಿಂದ ರೇಡಾರ್ ಕಳಿಸಿ, ಅದು ಮರಳುವ ಹೊತ್ತನ್ನು ಅಳೆದು, ಸಮುದ್ರ ಕೆಲವು ಸೆಂಟಿಮೀಟರ್ ಉಬ್ಬಿದರೂ ಹಿಡಿಯಿತು. 1996ರಲ್ಲಿ ಡಡ್ಲಿ ಚೆಲ್ಟನ್ ಮತ್ತು ಮೈಕೆಲ್ ಷ್ಲಾಕ್ಸ್ ರಾಸ್ಬಿ ಅಲೆಗಳನ್ನು ಅದರಲ್ಲಿ ಗುರುತಿಸಿದರು. ಸಮಭಾಜಕದಿಂದ ದೂರದಲ್ಲಿ ಅವು ಹಳೆಯ ಲೆಕ್ಕಕ್ಕಿಂತ ಹೆಚ್ಚು ವೇಗವಾಗಿದ್ದವು, ಕೆಲವೆಡೆ ದುಪ್ಪಟ್ಟು. ತಳದ ದೊಡ್ಡ ಏರುಗಳ ಪಶ್ಚಿಮಕ್ಕೆ ಅಲೆ ಇನ್ನೂ ಎತ್ತರವಾಗಿತ್ತು. ಸರಳ ಲೆಕ್ಕ ತಳವನ್ನು ಸಪಾಟು ಎಂದುಕೊಂಡಿತ್ತು. ಪ್ರವಾಹಗಳ ಜೊತೆಗೆ ತಳದ ಏರುತಗ್ಗೂ ವ್ಯತ್ಯಾಸಕ್ಕೆ ಕಾರಣ ಎಂದು ನಂತರದ ಸಂಶೋಧಕರು ವಾದಿಸಿದರು.

ನನಗೆ ನಮ್ಮ ಮಲಪ್ರಭೆ ನೆನಪಾಯಿತು. ತಳದ ಬಂಡೆ ಕಾಣದಿದ್ದರೂ ಅಲ್ಲಿ ನೀರಿನ ನಡೆ ಬದಲಾಗುತ್ತದಲ್ಲ! ಲಕ್ಷದ್ವೀಪದಿಂದ ಚಾಗೋಸ್‌ವರೆಗೂ ನಮ್ಮ ಸಮುದ್ರದಡಿ ಒಂದು ಬೆಟ್ಟಸಾಲೇ ಇದೆ. ಹಿಂದೂ ಮಹಾಸಾಗರದ ಇಂಥ ಅಲೆಗಳು ಬೆಚ್ಚನೆಯ ನೀರಿನ ಪದರವನ್ನು ಎತ್ತಿ ಇಳಿಸುತ್ತವೆ. ಮಳೆಗೂ ಆ ಬೆಚ್ಚನೆಯ ನೀರಿಗೂ ನಂಟಿದೆ.

ಈಗ ಅಪ್ಪ ಇಲ್ಲ. ಅವ್ವ ಇಂದಿಗೂ ಮೇ ತಿಂಗಳಲ್ಲಿ ಕೇಳುತ್ತಾಳೆ. ಮಳೆ ಬರುತ್ತದೆಂದು ನಾನು ಮಾತು ಕೊಡುವುದಿಲ್ಲ. ಆದರೆ ಗೆಳತಿಯರೇ, ಫೋನ್ ಇಡುವುದಿಲ್ಲ. ಎಷ್ಟು ದೂರದ ಸಮುದ್ರ, ಎಷ್ಟು ಆಳದ ಬೆಟ್ಟ, ಎಷ್ಟು ಜನರ ಲೆಕ್ಕ ನಮ್ಮ ಹೊಲಕ್ಕೆ ಸೇರಿದೆ ಎಂದು ಹೇಳುತ್ತೇನೆ. ಅವ್ವ ಪೂರ್ತಿ ಕೇಳಿಸಿಕೊಳ್ಳುತ್ತಾಳೆ.