ಗಡಿಯಾರದ ಮುಖದಲ್ಲಿ ಸಹಿ ಬಚ್ಚಿಟ್ಟ ಬ್ರೆಗೆ

ನಮ್ಮ ಹೊಸೂರಿಗೂ ಕೈಗಡಿಯಾರಕ್ಕೂ ನಂಟಿದೆ. 1980ರ ದಶಕದಲ್ಲಿ ಇಲ್ಲಿ ಟೈಟಾನ್ ಕಾರ್ಖಾನೆ ಸ್ಥಾಪನೆಯಾಯಿತು. ಅದಕ್ಕೂ ಮೊದಲೇ ಬೆಂಗಳೂರಿನ ಎಚ್.ಎಂ.ಟಿ. ಗಡಿಯಾರಗಳು ನಮ್ಮ ಹಿರಿಯರ ಕೈಯಲ್ಲಿದ್ದವು. ಹಳೆಯ ಗಡಿಯಾರದ ಡಯಲ್, ಅಂದರೆ ಅದರ ಮುಖ, ಅಸಲಿಯೋ ನಕಲಿಯೋ ಎಂದು ತಿಳಿಯುವುದು ಹೇಗೆ? ಇನ್ನೂರು ವರ್ಷಗಳ ಹಿಂದೆಯೇ ಈ ಪ್ರಶ್ನೆಯನ್ನು ಎದುರಿಸಿದ ಮಹನೀಯರು ಅಬ್ರಹಾಂ ಲೂಯಿ ಬ್ರೆಗೆ.

ಬ್ರೆಗೆಯವರು 1747ರ ಜನವರಿ 10ರಂದು ಇಂದಿನ ಸ್ವಿಟ್ಜರ್ಲೆಂಡಿನ ನ್ಯೂಷಾಟೆಲ್‌ನಲ್ಲಿ ಜನಿಸಿದರು. ಬಾಲ್ಯದಲ್ಲೇ ತಂದೆ ತೀರಿಕೊಂಡರು. ತಾಯಿ ಮರುಮದುವೆಯಾದ ಮನೆಯವರದು ಗಡಿಯಾರದ ಕಸುಬು. ಹದಿನೈದರ ಹರೆಯದಲ್ಲಿ ಬಾಲಕನು ಕೆಲಸ ಕಲಿಯಲು ಫ್ರಾನ್ಸಿಗೆ ಹೋದನು. ಹಗಲು ದುಡಿಮೆ, ಸಂಜೆ ಗಣಿತ ಪಾಠ. 1775ರಲ್ಲಿ ಪ್ಯಾರಿಸ್ಸಿನ ಸೇನ್ ನದಿಯ ದಂಡೆಯಲ್ಲಿ ಸ್ವಂತ ಕಾರ್ಯಾಗಾರ ತೆರೆದರು.

ಬಿಳಿಯ ಎನಾಮಲ್ ಮುಖ, ತೆಳುವಾದ ಅಂಕಿಗಳು, ತುದಿಯ ಬಳಿ ಪುಟ್ಟ ಬಳೆಯುಳ್ಳ ಮುಳ್ಳುಗಳು. ಇವು ಅವರ ಗುರುತಾದವು. ಅರಸರೂ ಸೇನಾಪತಿಗಳೂ ಗಿರಾಕಿಗಳಾದರು. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ, 1793ರಲ್ಲಿ, ಜೀವಭಯದಿಂದ ತಾಯ್ನಾಡಿಗೆ ಮರಳಿದ ಅವರು 1795ರಲ್ಲಿ ಪ್ಯಾರಿಸ್ಸಿಗೆ ಹಿಂದಿರುಗಿ ಮತ್ತೆ ಕೆಲಸ ಕಟ್ಟಿದರು.

ಹೆಸರು ಬೆಳೆದಂತೆ ಕಳ್ಳತನವೂ ಬೆಳೆಯಿತು. ಕೀಳು ಗಡಿಯಾರಗಳ ಮೇಲೆ ಅವರ ಹೆಸರು ಬರೆದು ಮಾರುವವರು ಹುಟ್ಟಿಕೊಂಡರು. ಅದಕ್ಕೆ ಬ್ರೆಗೆಯವರು ಉಪಾಯ ಹೂಡಿದರು. ಡಯಲ್‌ನ ಮೇಲೆ ಕೂದಲೆಳೆಯಷ್ಟು ಸೂಕ್ಷ್ಮವಾಗಿ ತಮ್ಮ ಸಹಿಯನ್ನು ಕೊರೆದರು. ನೇರವಾಗಿ ನೋಡಿದರೆ ಅದು ಕಾಣದು. ಓರೆಯಾಗಿ ಬೆಳಕು ಬಿದ್ದಾಗ ಮಾತ್ರ ಕಾಣುತ್ತದೆ. ನಕಲಿಗಾರರು ಇದನ್ನೂ ಅನುಕರಿಸಿದರು. ಆದರೆ ಪ್ರತಿ ಗಡಿಯಾರದ ಸಂಖ್ಯೆಯನ್ನು ಬರೆದಿಟ್ಟ ಮಾರಾಟದ ಪುಸ್ತಕಗಳಿದ್ದವು. ಇಂದಿಗೂ ಪರೀಕ್ಷಕರು ಅವುಗಳನ್ನೇ ತೆರೆದು ನೋಡುತ್ತಾರೆ.

ಟೂರ್ಬಿಯಾನ್ ಎಂಬ ಸೂಕ್ಷ್ಮ ಯಂತ್ರಕ್ಕೆ 1801ರಲ್ಲಿ ಹಕ್ಕುಪತ್ರ ಪಡೆದ ಅವರು, 1810ರಲ್ಲಿ ನೇಪಲ್ಸ್ ರಾಣಿಯ ಬೇಡಿಕೆಯಂತೆ ಕೈಗೆ ಕಟ್ಟುವ ಗಡಿಯಾರವನ್ನೂ ಕೈಗೆತ್ತಿಕೊಂಡರು. 1823ರ ಸೆಪ್ಟೆಂಬರ್ 17ರಂದು ಕಣ್ಮುಚ್ಚಿದರು.

ಈ ಜೀವನ ನಮಗೆ ಏಕೆ ಬೇಕು? ನಮ್ಮ ತಾತನವರ ಕೈಗಡಿಯಾರದ ಮುಖ ಮಾಸಿತ್ತು. ಹೊಳೆಯುವಂತೆ ಮಾಡಿಕೊಡಿರೆಂದು ಅಂಗಡಿಯಲ್ಲಿ ಕೇಳಿದವರು ನಾವೇ. ಹೊಸ ಬಣ್ಣ ಬಳಿದು ಕೊಟ್ಟರು. ಅಕ್ಷರಗಳು ದಪ್ಪವಾಗಿದ್ದವು, ನಿಮಿಷದ ಗೆರೆಗಳು ಸಮನಾಗಿರಲಿಲ್ಲ. ತಾತನವರು ದಿನವೂ ನೋಡುತ್ತಿದ್ದ ಮುಖ ಮರಳಿ ಬರಲಿಲ್ಲ.

ಮಕ್ಕಳೇ, ಮನೆಯಲ್ಲಿ ಹಳೆಯ ಗಡಿಯಾರವಿದ್ದರೆ ಭೂತಗನ್ನಡಿ ಹಿಡಿದು ನೋಡಿರಿ. ಅಕ್ಷರಗಳು ತೆಳುವಾಗಿ, ಅಂಚು ಸ್ಪಷ್ಟವಾಗಿವೆಯೇ? ಗೆರೆಗಳ ಅಂತರ ಒಂದೇ ಸಮನೇ? ಹೊರಗಿನ ಕವಚ ಸವೆದಿದ್ದು ಮುಖ ಮಾತ್ರ ಹೊಚ್ಚ ಹೊಸದಾಗಿದ್ದರೆ ಸಂಶಯಪಡಿರಿ. ಮಾಸಿದ್ದರೂ ಅದು ಮೊದಲಿನದೇ ಆಗಿದ್ದರೆ ಹಾಗೆಯೇ ಇರಲಿ. ಒಳಗಿನ ಯಂತ್ರವನ್ನು ಶುಚಿ ಮಾಡಿಸಿರಿ, ಮುಖವನ್ನು ಮುಟ್ಟಿಸಬೇಡಿರಿ.