ಮಗ್ಗಕ್ಕೆ ಓದು ಕಲಿಸಿದ ಜಕಾರ್ಡ್

ಮಕ್ಕಳೇ, ಹೂಬಳ್ಳಿಯ ಶಾಲನ್ನೋ ರೇಷ್ಮೆ ಸೀರೆಯ ಸೆರಗನ್ನೋ ನೀವು ನೋಡಿರುತ್ತೀರಿ. ಅದರ ಚಿತ್ತಾರವನ್ನು ಎಷ್ಟೋ ಸಲ ಬಣ್ಣದಿಂದ ಬರೆದಿರುವುದಿಲ್ಲ, ನೇಯುವಾಗಲೇ ಮೂಡಿಸಿರುತ್ತಾರೆ. ಈ ಕಷ್ಟದ ಕೆಲಸವನ್ನು ಸುಲಭ ಮಾಡಿದವನು ಜೋಸೆಫ್ ಮಾರಿ ಜಕಾರ್ಡ್.

ಜಕಾರ್ಡ್ 1752ರ ಜುಲೈ 7ರಂದು ಫ್ರಾನ್ಸ್ ದೇಶದ ಲಿಯಾನ್ ನಗರದಲ್ಲಿ ಜನಿಸಿದ. ಅದು ರೇಷ್ಮೆಗೆ ಹೆಸರಾದ ಊರು. ತಂದೆ ನೇಕಾರ. ಬಾಲಕ ಜಕಾರ್ಡ್ ಶಾಲೆಗೆ ಹೋಗಲಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ ಭಾವನಿಂದ ಓದಲು ಕಲಿತ.

ಬಟ್ಟೆಯಲ್ಲಿ ಉದ್ದಕ್ಕೆ ಇರುವ ಎಳೆಗಳು ಹಾಸು. ಅಡ್ಡಕ್ಕೆ ಲಾಳಿಯಿಂದ ಹಾಯಿಸುವ ಎಳೆ ಹೊಕ್ಕು. ಯಾವ ಹಾಸಿನ ಎಳೆಗಳು ಮೇಲೇಳುತ್ತವೆ ಎಂಬುದರ ಮೇಲೆ ಚಿತ್ತಾರ ನಿಂತಿದೆ. ಆಗ ಈ ಎಳೆಗಳನ್ನು ಎತ್ತಲು ಮಗ್ಗದ ಬಳಿ ಒಬ್ಬ ಸಹಾಯಕ, ಅನೇಕ ವೇಳೆ ಒಬ್ಬ ಹುಡುಗ, ದಿನವಿಡೀ ಹಗ್ಗ ಎಳೆಯುತ್ತಿದ್ದ. ಒಂದು ಹಗ್ಗ ತಪ್ಪಿದರೆ ಹೂವೇ ಕೆಡುತ್ತಿತ್ತು!

ತಂದೆಯ ಮರಣಾನಂತರ ಜಕಾರ್ಡ್ ಸಾಲದಲ್ಲಿ ಸಿಲುಕಿದ. ಫ್ರಾನ್ಸಿನ ಕ್ರಾಂತಿಯ ಕಾಲದ ಯುದ್ಧದಲ್ಲಿ ಮಗನನ್ನು ಕಳೆದುಕೊಂಡ. ಆದರೂ ಪ್ರಯತ್ನ ಬಿಡಲಿಲ್ಲ. ಬೂಶೋನ್, ಫಾಲ್ಕನ್, ವೊಕಾನ್ಸನ್ ಎಂಬವರು ಅವನಿಗಿಂತ ಮೊದಲೇ ಇಂಥ ಮಗ್ಗಗಳನ್ನು ರೂಪಿಸಿದ್ದರು. ಅವರ ವಿಚಾರಗಳನ್ನು ಸೇರಿಸಿ, ತಿದ್ದಿ, 1804ರ ವೇಳೆಗೆ ತನ್ನ ಯಂತ್ರವನ್ನು ಸಿದ್ಧಪಡಿಸಿದ.

ಅದು ಹೇಗೆ ಕೆಲಸ ಮಾಡುತ್ತದೆ? ರಂಧ್ರಗಳಿರುವ ರಟ್ಟುಗಳನ್ನು ಸರಪಳಿಯಂತೆ ಹೊಲಿದಿರುತ್ತಾರೆ. ಪ್ರತಿ ರಟ್ಟಿನ ಮೇಲೆ ಸೂಜಿಗಳು ಒತ್ತುತ್ತವೆ. ರಂಧ್ರವಿದ್ದರೆ ಸೂಜಿ ಒಳಹೋಗುತ್ತದೆ, ಅದಕ್ಕೆ ಸೇರಿದ ಕೊಕ್ಕೆ ಎಳೆಯನ್ನು ಎತ್ತುತ್ತದೆ. ರಂಧ್ರವಿಲ್ಲದಿದ್ದರೆ ಸೂಜಿ ಹಿಂದೆ ಸರಿಯುತ್ತದೆ, ಎಳೆ ಕೆಳಗೇ ಉಳಿಯುತ್ತದೆ. ಲಾಳಿ ಒಮ್ಮೆ ಹಾಯ್ದ ಮೇಲೆ ಮುಂದಿನ ರಟ್ಟು ಬರುತ್ತದೆ. ಚಿತ್ತಾರ ಬದಲಿಸಲು ರಟ್ಟುಗಳನ್ನು ಬದಲಿಸಿದರೆ ಸಾಕು. ಆದರೆ ನೂಲಿನ ಬಣ್ಣ, ದಪ್ಪ, ಹೊಳಪನ್ನು ನೇಕಾರನೇ ಆರಿಸಬೇಕು. ಒಂದೇ ರಟ್ಟಿನ ಹೂವು ಉಣ್ಣೆಯಲ್ಲಿ ಒಂದು ರೀತಿ, ರೇಷ್ಮೆಯಲ್ಲಿ ಇನ್ನೊಂದು ರೀತಿ ಕಾಣುತ್ತದೆ.

ಎಲ್ಲರೂ ಇದನ್ನು ಸ್ವಾಗತಿಸಲಿಲ್ಲ. ಹಗ್ಗ ಎಳೆಯುವವರ ಕೆಲಸ ಹೋಗುತ್ತದೆಂದು ಲಿಯಾನಿನ ನೇಕಾರರು ಸಿಟ್ಟಿಗೆದ್ದರು. ಅವರ ಭಯ ಸುಳ್ಳಾಗಿರಲಿಲ್ಲ. ಮಕ್ಕಳ ದುಡಿಮೆ ತಪ್ಪಿತು ನಿಜ, ಆ ಕೂಲಿಯನ್ನೇ ನಂಬಿದ್ದ ಮನೆಗಳಿಗೆ ಪೆಟ್ಟೂ ಬಿದ್ದಿತು. ಸರ್ಕಾರ 1805ರಲ್ಲಿ ಯಂತ್ರವನ್ನು ಸಾರ್ವಜನಿಕ ಸ್ವತ್ತೆಂದು ಸಾರಿ, ಜಕಾರ್ಡನಿಗೆ ಪಿಂಚಣಿ ನೀಡಿತು. 1812ರ ವೇಳೆಗೆ ಫ್ರಾನ್ಸಿನಲ್ಲಿ ಸುಮಾರು 11,000 ಜಕಾರ್ಡ್ ಮಗ್ಗಗಳಿದ್ದವು. ಮುಂದೆ ಸ್ಕಾಟ್ಲೆಂಡಿನ ಪೇಸ್ಲಿ ಪಟ್ಟಣದಲ್ಲಿ ಕಾಶ್ಮೀರಿ ಶಾಲುಗಳ ಮಾವಿನಕಾಯಿ ಚಿತ್ತಾರವನ್ನೂ ಇಂಥ ಮಗ್ಗಗಳಲ್ಲಿ ನೇಯ್ದರು.

ಜಕಾರ್ಡ್ 1834ರ ಆಗಸ್ಟ್ 7ರಂದು ನಿಧನನಾದ. 1839ರಲ್ಲಿ ಲಿಯಾನಿನಲ್ಲಿ ಅವನ ಭಾವಚಿತ್ರವನ್ನೇ ರೇಷ್ಮೆಯಲ್ಲಿ ನೇಯ್ದರು. ಅದಕ್ಕೆ ಬೇಕಾದ ರಟ್ಟುಗಳು ಸುಮಾರು 24,000! ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಇದರ ಒಂದು ಪ್ರತಿಯನ್ನು ಇಟ್ಟುಕೊಂಡಿದ್ದ. ತನ್ನ ಲೆಕ್ಕದ ಯಂತ್ರಕ್ಕೂ ರಂಧ್ರದ ರಟ್ಟುಗಳನ್ನೇ ಯೋಚಿಸಿದ. ‘ರಂಧ್ರ ಇದೆ, ಇಲ್ಲ’ ಎಂಬ ಈ ಎರಡೇ ಮಾತಿನ ಭಾಷೆ ಕಂಪ್ಯೂಟರಿನ 1 ಮತ್ತು 0ಗಳನ್ನು ಹೋಲುತ್ತದೆ ಅಲ್ಲವೆ? ಸ್ವೆಟರ್ ಹೆಣೆಯುವ ಯಂತ್ರಗಳಿಗೂ ಮುಂದೆ ಇಂಥ ರಟ್ಟುಗಳು ಬಂದವು.

ಮಾಡಿ ನೋಡಿ: ಚೌಕುಳಿ ಹಾಳೆಯಲ್ಲಿ ಒಂದು ಹೂವು ಬರೆಯಿರಿ. ಹೂವಿನ ಚೌಕಗಳಿಗೆ 1, ಉಳಿದವಕ್ಕೆ 0 ಹಾಕಿ. ಸಾಲು ಸಾಲಾಗಿ ಸಂಖ್ಯೆಗಳನ್ನು ಮಾತ್ರ ಗೆಳೆಯರಿಗೆ ಓದಿ ಹೇಳಿ. ಅವರ ಹಾಳೆಯಲ್ಲೂ ನಿಮ್ಮ ಹೂವು ಅರಳುತ್ತದೆ!