ಮಕ್ಕಳ ಕೈಗೆ ಸ್ವರ ಕೊಟ್ಟ ಸಂನ್ಯಾಸಿ: ಅರೆತ್ಸೊದ ಗ್ವಿದೊ

ಕ್ರಿಸ್ಮಸ್ ಹತ್ತಿರ ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಗಾಯನ ಮಂಡಳಿಯ ಅಭ್ಯಾಸ ಶುರುವಾಗುತ್ತದೆ. ಆರು, ಏಳು, ಎಂಟನೇ ತರಗತಿಯ ಮಕ್ಕಳು ಶಾಲೆ ಬಿಟ್ಟ ಮೇಲೆ ಚೀಲ ಸಮೇತ ಬಂದು ಕೂರುತ್ತಾರೆ. ಹಾಡು ಬಲ್ಲವರೊಬ್ಬರು ಒಂದು ಸಾಲು ಹಾಡುತ್ತಾರೆ, ಮಕ್ಕಳು ಅದನ್ನೇ ಮರಳಿ ಹಾಡುತ್ತಾರೆ. ಈಗ ಮೊಬೈಲಿನಲ್ಲಿ ಹಾಡು ಕಳುಹಿಸಿ ಮನೆಯಲ್ಲಿ ಕೇಳಿ ಬನ್ನಿ ಎನ್ನುವುದೂ ಇದೆ. ಹೇಗೋ ಹಬ್ಬಕ್ಕೆ ಹಾಡು ಸಿದ್ಧವಾಗುತ್ತದೆ. ಆದರೆ ಹಬ್ಬದ ರಾತ್ರಿ ಮುಂದಾಳಿಗೆ ಜ್ವರ ಬಂದು ಮಲಗಿದರೆ ಇಡೀ ಮಂಡಳಿಯ ಬಾಯಿ ಕಟ್ಟುತ್ತದೆ. ಮುಂದಿನ ವರ್ಷ ಹೊಸ ಹಾಡು ಬಂದರೆ ಮತ್ತೆ ಮೊದಲಿನಿಂದ ಆರಂಭ. ನಾನು ಗುರುಮಠದಲ್ಲಿದ್ದಾಗ ಹಾಡು ಕಲಿತದ್ದೂ ಹೀಗೆಯೇ, ಪಕ್ಕದವರ ಸ್ವರಕ್ಕೆ ಜೋತುಬಿದ್ದು.

ಈ ತೊಂದರೆಯನ್ನು ಸುಮಾರು ಸಾವಿರ ವರ್ಷಗಳ ಹಿಂದೆ ಇಟಲಿಯ ಒಬ್ಬ ಬೆನೆಡಿಕ್ಟಿನ್ ಸಂನ್ಯಾಸಿ ಕಂಡರು. ಸುಮ್ಮನಿರಲಿಲ್ಲ, ಅದಕ್ಕೆ ಪರಿಹಾರ ಹುಡುಕಿದರು. ಆ ಪರಿಹಾರಕ್ಕಾಗಿ ತಮ್ಮ ಮಠವನ್ನೇ ಬಿಡಬೇಕಾಯಿತು. ಇಂದು ಜಗತ್ತಿನ ಯಾವ ಮೂಲೆಯಲ್ಲೇ ಆಗಲಿ ಮಗುವೊಂದು ಡೊ, ರೆ, ಮಿ ಎಂದು ಬಾಯಿ ತೆರೆದರೆ ಅದು ಅವರ ತರಗತಿಯಿಂದ ಬಂದ ಪಾಠ. ಅವರೇ ಅರೆತ್ಸೊದ ಗ್ವಿದೊ.

ಗ್ವಿದೊ 10ನೇ ಶತಮಾನದ ಕೊನೆಯ ಭಾಗದಲ್ಲಿ ಜನಿಸಿದವರು. ಇಟಲಿಯ ಪೂರ್ವ ಕರಾವಳಿಯಲ್ಲಿ, ಪೊ ನದಿ ಸಮುದ್ರ ಸೇರುವ ಪ್ರದೇಶದ ಹತ್ತಿರ, ಪೊಂಪೋಸಾ ಎಂಬ ಹೆಸರಾಂತ ಬೆನೆಡಿಕ್ಟಿನ್ ಮಠವಿತ್ತು. ಅವರು ಅಲ್ಲಿ ಸಂನ್ಯಾಸಿಯಾದರು. ಬೆನೆಡಿಕ್ಟಿನ್ ಮಠದ ದಿನಚರಿ ಎಂದರೆ ಹಗಲು ರಾತ್ರಿ ಹಲವು ಹೊತ್ತುಗಳಲ್ಲಿ ಹಾಡಿನ ಪ್ರಾರ್ಥನೆ. ವರ್ಷದ ಎಲ್ಲಾ ಹಬ್ಬಗಳಿಗೂ, ಎಲ್ಲಾ ಭಾನುವಾರಗಳಿಗೂ ಬೇರೆ ಬೇರೆ ಗೀತೆಗಳು. ಇಷ್ಟೂ ಗೀತೆಗಳನ್ನು ಬಾಲಕರು ಬಾಯಿಪಾಠ ಮಾಡಬೇಕಿತ್ತು.

ಪುಸ್ತಕ ಇರಲಿಲ್ಲವೇ ಎಂದರೆ, ಇತ್ತು. ಪದಗಳ ಮೇಲೆ ಸಣ್ಣ ಸಣ್ಣ ಗೀರು, ಕೊಕ್ಕೆ, ಚುಕ್ಕಿಗಳನ್ನು ಬರೆದಿರುತ್ತಿದ್ದರು. ಇವುಗಳಿಗೆ ನ್ಯೂಮ್ ಎಂದು ಹೆಸರು. ಸ್ವರ ಇಲ್ಲಿ ಏರುತ್ತದೆ, ಇಲ್ಲಿ ಇಳಿಯುತ್ತದೆ ಎಂದು ಅವು ಹೇಳುತ್ತಿದ್ದವು. ಎಷ್ಟು ಏರಬೇಕು, ಯಾವ ಸ್ವರದಿಂದ ಹೊರಡಬೇಕು ಎಂಬುದನ್ನು ಹೆಚ್ಚಿನ ಪುಸ್ತಕಗಳು ಹೇಳುತ್ತಿರಲಿಲ್ಲ. ಹಾಡು ಮೊದಲೇ ಗೊತ್ತಿದ್ದವನಿಗೆ ಅದು ನೆನಪಿನ ಗುರುತು. ಗೊತ್ತಿಲ್ಲದವನಿಗೆ ಪ್ರಯೋಜನವಿಲ್ಲ. ಇಂತಹ ಬರಹವನ್ನು ಗ್ವಿದೊ ಹಗ್ಗವಿಲ್ಲದ ಬಾವಿಗೆ ಹೋಲಿಸಿದ್ದಾರೆ. ಒಳಗೆ ನೀರು ತುಂಬಿದೆ, ಬಗ್ಗಿ ನೋಡಿದವನ ಬಾಯಾರಿಕೆ ಮಾತ್ರ ತೀರುವುದಿಲ್ಲ. ಪ್ರತಿಯೊಬ್ಬ ಗುರುವೂ ತಾನು ಕಲಿತ ರೀತಿಯಲ್ಲೇ ಕಲಿಸುತ್ತಿದ್ದುದರಿಂದ ಒಂದು ಊರಿನ ಹಾಡು ಇನ್ನೊಂದು ಊರಿನ ಹಾಡಿಗೆ ಹೊಂದುತ್ತಿರಲಿಲ್ಲ. ದಿನವೂ ಹಾಡುತ್ತಾ ನೂರು ವರ್ಷ ಕಳೆದರೂ ಗುರುವಿಲ್ಲದೆ ಒಂದು ಚಿಕ್ಕ ಗೀತೆಯನ್ನೂ ಹಾಡಲಾರದವರು ಎಂದು ಅವರು ತಮ್ಮ ಕಾಲದ ಗಾಯಕರ ಬಗ್ಗೆ ಬೇಸರದಿಂದ ಬರೆದಿದ್ದಾರೆ. ಪವಿತ್ರ ಗ್ರಂಥ ಓದಲು ಸಿಗಬೇಕಾದ ಸಮಯ ಇದರಲ್ಲೇ ಕಳೆದುಹೋಗುತ್ತದೆ ಎಂಬುದು ಅವರ ದೊಡ್ಡ ದೂರು.

ಪೊಂಪೋಸಾದಲ್ಲಿ ಅವರಿಗೆ ಮೈಕಲ್ ಎಂಬ ಸಂನ್ಯಾಸಿ ಮಿತ್ರರಿದ್ದರು. ಇಬ್ಬರೂ ಸೇರಿ ಆಂಟಿಫೊನರಿ ಎಂಬ ಗೀತೆಗಳ ಪುಸ್ತಕವನ್ನು ಹೊಸ ರೀತಿಯಲ್ಲಿ ಬರೆದರು. ಈ ಹೊಸ ರೀತಿ ಗೆರೆಗಳದು. ಒಂದರ ಮೇಲೊಂದು ಅಡ್ಡ ಗೆರೆಗಳು, ಗೆರೆಯ ಮೇಲೂ ಗೆರೆಗಳ ನಡುವಿನ ಜಾಗದಲ್ಲೂ ಸ್ವರಗಳು. ಒಂದು ಸ್ವರ ಎಷ್ಟು ಸಲ ಬಂದರೂ ಅದೇ ಸಾಲಿನಲ್ಲೇ ಇರಬೇಕು. ಗೆರೆ ಎಳೆಯುವ ಪ್ರಯತ್ನ ಅವರಿಗಿಂತ ಮೊದಲೂ ಅಲ್ಲಲ್ಲಿ ನಡೆದಿತ್ತು. ಅದನ್ನು ಮಕ್ಕಳಿಗೆ ಅರ್ಥವಾಗುವಂತಹ ಪಾಠವಾಗಿ ಮಾಡಿದವರು ಗ್ವಿದೊ.

ಎರಡು ಗೆರೆಗಳಿಗೆ ಅವರು ಬಣ್ಣ ಕೊಟ್ಟರು. ಎಫ್ ಸ್ವರದ ಗೆರೆಗೆ ಕೆಂಪು, ಸಿ ಸ್ವರದ ಗೆರೆಗೆ ಹಳದಿ. ಈ ಎರಡೇ ಏಕೆ? ಮನೆಯಲ್ಲಿ ಕೀಬೋರ್ಡ್ ಅಥವಾ ಹಾರ್ಮೋನಿಯಂ ಇದ್ದವರು ಒಮ್ಮೆ ನೋಡಿ. ಬಿಳಿ ಕೀಗಳ ನಡುವೆ ಕಪ್ಪು ಕೀಗಳಿವೆ, ಆದರೆ ಎರಡು ಕಡೆ ಮಾತ್ರ ಬಿಳಿ ಕೀಗಳು ಒಂದಕ್ಕೊಂದು ತಾಗಿಕೊಂಡಿವೆ. ಇ ಮತ್ತು ಎಫ್ ನಡುವೆ ಹಾಗೂ ಬಿ ಮತ್ತು ಸಿ ನಡುವೆ. ಅಲ್ಲಿ ಹೆಜ್ಜೆ ಅರ್ಧ ಸ್ವರದ್ದು. ಹಾಡುವ ಮಗು ತಪ್ಪುವುದು ಸಾಮಾನ್ಯವಾಗಿ ಇಲ್ಲೇ. ಕೆಂಪು ಗೆರೆ ಕಂಡರೆ ಅದರ ಕೆಳಗಿನ ಹೆಜ್ಜೆ ಚಿಕ್ಕದು, ಹಳದಿ ಗೆರೆ ಕಂಡರೂ ಹಾಗೆಯೇ. ಮಗುವಿಗೆ ಲೆಕ್ಕ ಬೇಡ, ಬಣ್ಣ ಸಾಕು. ತರಗತಿಯಲ್ಲಿ ಮಕ್ಕಳ ಮುಂದೆ ನಿಂತು, ಅವರು ಎಲ್ಲಿ ಎಡವುತ್ತಾರೆ ಎಂದು ನೋಡಿದವರಿಗಷ್ಟೇ ಇದು ಹೊಳೆಯುವಂಥದ್ದು ಎಂದು ನನಗನಿಸುತ್ತದೆ.

ಇಂತಹ ಉಪಕಾರಕ್ಕೆ ಮಠದಲ್ಲಿ ಸನ್ಮಾನ ಸಿಗಬೇಕಿತ್ತು. ಸಿಕ್ಕಿದ್ದು ಅಸೂಯೆ. ಸಹ ಸಂನ್ಯಾಸಿಗಳು ಅವರನ್ನು ವಿರೋಧಿಸಿದರು, ಮಠಾಧಿಪತಿಯೂ ವಿರೋಧಿಗಳ ಮಾತಿಗೆ ಒಪ್ಪಿದರು. ಗ್ವಿದೊ ಮಠ ಬಿಟ್ಟು ದೂರ ಹೋಗಬೇಕಾಯಿತು, ಮೈಕಲ್ ಅಲ್ಲಿಯೇ ನೊಂದುಕೊಂಡು ಉಳಿದರು. ಮುಂದೆ ಮೈಕಲ್ ಅವರಿಗೆ ಬರೆದ ಪತ್ರದಲ್ಲಿ ಗ್ವಿದೊ ಒಂದು ಹಳೆಯ ಕಥೆಯನ್ನು ನೆನೆಯುತ್ತಾರೆ. ಒಬ್ಬ ಕುಶಲಕರ್ಮಿ ಒಡೆಯದ ಗಾಜನ್ನು ಕಂಡುಹಿಡಿದು ಬಹುಮಾನದ ಆಸೆಯಿಂದ ರೋಮಿನ ಚಕ್ರವರ್ತಿಯ ಮುಂದಿಟ್ಟ. ಗಾಜು ಒಡೆಯದಿದ್ದರೆ ಚಿನ್ನ ಬೆಳ್ಳಿಗೆ ಬೆಲೆ ಇರುವುದಿಲ್ಲ ಎಂದು ಅವನಿಗೆ ಮರಣದಂಡನೆಯಾಯಿತು. ತನ್ನ ಪಾಡೂ ಅದೇ ಎಂಬುದು ಅವರ ಧ್ವನಿ. ಸಂನ್ಯಾಸಿಯಾದರೂ ನೋವನ್ನು ಮುಚ್ಚಿಟ್ಟವರಲ್ಲ.

ಸುಮಾರು 1025ರಲ್ಲಿ ಅವರು ಟಸ್ಕನಿಯ ಅರೆತ್ಸೊ ಪಟ್ಟಣಕ್ಕೆ ಬಂದರು. ಅಲ್ಲಿನ ಬಿಷಪ್ ಥಿಯೊಡಾಲ್ಡ್ ಅವರನ್ನು ಆದರದಿಂದ ಬರಮಾಡಿಕೊಂಡು, ಪ್ರಧಾನಾಲಯದ ಬಾಲಕರಿಗೆ ಹಾಡು ಕಲಿಸುವ ಹೊಣೆ ಒಪ್ಪಿಸಿದರು. ಬಿಷಪರ ಬಯಕೆಯಂತೆಯೇ ಗ್ವಿದೊ ಸುಮಾರು 1026ರಲ್ಲಿ ಮಿಕ್ರೊಲೊಗುಸ್ ಎಂಬ ಪುಸ್ತಕ ಬರೆದು ಅವರಿಗೆ ಅರ್ಪಿಸಿದರು. ಇಪ್ಪತ್ತು ಅಧ್ಯಾಯಗಳ ಚಿಕ್ಕ ಪುಸ್ತಕ. ಮಧ್ಯಯುಗದಲ್ಲಿ ಅತಿ ಹೆಚ್ಚು ನಕಲಾದ ಸಂಗೀತ ಗ್ರಂಥಗಳಲ್ಲಿ ಇದೂ ಒಂದು. ಬಿಷಪರ ಶಾಲೆಯ ಬಾಲಕರು ಬೇರೆ ಊರುಗಳ ಪಳಗಿದ ಹಿರಿಯರನ್ನೂ ಮೀರಿಸಿದ್ದಾರೆ ಎಂದು ಅದರ ಅರ್ಪಣೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಾರೆ.

ಪುಸ್ತಕ ಆರಂಭವಾಗುವುದು ಒಂದು ತಂತಿಯಿಂದ. ಮರದ ಪೆಟ್ಟಿಗೆಯ ಮೇಲೆ ಬಿಗಿದ ಒಂದೇ ತಂತಿಯ ಮೊನೊಕಾರ್ಡ್ ಎಂಬ ಸಾಧನ ಆಗಿನ ತರಗತಿಗಳಲ್ಲಿ ಇರುತ್ತಿತ್ತು. ತಂತಿಯನ್ನು ಸರಿಯಾಗಿ ಅರ್ಧಕ್ಕೆ ತಡೆದು ಮೀಟಿದರೆ ಮೇಲಿನ ಸ್ಥಾಯಿಯ ಅದೇ ಸ್ವರ. ಮೂರರಲ್ಲಿ ಎರಡು ಭಾಗ ಬಿಟ್ಟು ಮೀಟಿದರೆ ನಮ್ಮ ಸ ದಿಂದ ಪ ಇರುವಷ್ಟು ದೂರ, ನಾಲ್ಕರಲ್ಲಿ ಮೂರು ಭಾಗ ಬಿಟ್ಟರೆ ಸ ದಿಂದ ಮ ಇರುವಷ್ಟು ದೂರ. ಮಗು ಕಣ್ಣಿನಿಂದ ಅಳತೆ ನೋಡಿ ಕಿವಿಯಿಂದ ಸ್ವರ ಕೇಳುತ್ತದೆ. ಆದರೆ ಗ್ವಿದೊ ಇಲ್ಲಿಗೇ ನಿಲ್ಲಲಿಲ್ಲ. ವಾದ್ಯ ನುಡಿಸಿ ಅದರ ಹಿಂದೆ ಹಾಡುವುದು ಆರಂಭದವರಿಗೆ ಒಳ್ಳೆಯದು, ಮುಂದುವರಿಯುವವರಿಗೆ ಬಹಳ ಕೆಟ್ಟದ್ದು ಎಂದು ಅವರು ಖಂಡಿತವಾಗಿ ಹೇಳಿದರು. ಅದನ್ನೇ ನಂಬಿ ಕೂತ ವಿದ್ವಾಂಸರು ಎಂದೂ ಗಾಯಕರಾಗಲಿಲ್ಲ ಎಂಬುದು ಅವರ ಅನುಭವ. ವಾದ್ಯವೂ ಬೇಡ, ಗುರುವೂ ಬೇಡ, ಸ್ವರ ಮಗುವಿನ ಒಳಗೇ ಇರಬೇಕು.

ಅದಕ್ಕೆ ಅವರು ಕಂಡುಕೊಂಡ ದಾರಿ ಸ್ನಾನಿಕ ಯೊವಾನ್ನರ ಹಬ್ಬದ ಲತೀನ್ ಗೀತೆ. ಜೂನ್ 24ರ ಹಬ್ಬದಂದು ಹಾಡುವ ಈ ಗೀತೆ 8ನೇ ಶತಮಾನದ ಪಾವ್ಲುಸ್ ದಿಯಾಕೊನುಸ್ ಅವರ ರಚನೆ ಎಂಬ ಪರಂಪರೆಯಿದೆ. ಗ್ವಿದೊ ಬಳಸಿದ ರಾಗದಲ್ಲಿ ಒಂದು ವಿಶೇಷವಿದೆ. ಮೊದಲ ಆರು ತುಣುಕುಗಳಲ್ಲಿ ಪ್ರತಿಯೊಂದೂ ಹಿಂದಿನದಕ್ಕಿಂತ ಒಂದು ಸ್ವರ ಮೇಲಿನಿಂದ ಆರಂಭವಾಗುತ್ತದೆ. ಆ ತುಣುಕುಗಳ ಮೊದಲ ಅಕ್ಷರಗಳು ಉತ್, ರೆ, ಮಿ, ಫಾ, ಸೊಲ್, ಲಾ. ಬಾಲಕರು ಈ ಒಂದು ಗೀತೆಯನ್ನು ನಿದ್ದೆಯಲ್ಲೂ ಮರೆಯದಂತೆ ಕಲಿಯಬೇಕು. ಆಮೇಲೆ ಹೊಸ ಪುಸ್ತಕದಲ್ಲಿ ಯಾವುದೇ ಸ್ವರ ಎದುರಾದರೂ, ಅದು ಈ ಆರರಲ್ಲಿ ಯಾವ ತುಣುಕಿನ ಆರಂಭ ಎಂದು ನೆನೆದರೆ ಸಾಕು, ಕಂಠ ತಾನೇ ಅಲ್ಲಿಗೆ ಹೋಗುತ್ತದೆ. ಗೊತ್ತಿರುವುದರ ಕೈ ಹಿಡಿದು ಗೊತ್ತಿಲ್ಲದ್ದರ ಕಡೆಗೆ ನಡೆಯುವ ಉಪಾಯ ಇದು. ಕೆಲವು ಬಾಲಕರು ಮೂರು ದಿನ ತುಂಬುವ ಮೊದಲೇ ತಾವು ಕೇಳಿರದ ಹಾಡುಗಳನ್ನು ನೋಡಿ ಹಾಡಿದರು ಎಂದು ಗ್ವಿದೊ ಬರೆದಿದ್ದಾರೆ. ಹಿಂದೆ ಹತ್ತು ವರ್ಷ ಕಲಿತರೂ ಅರೆಬರೆಯಾಗಿ ಉಳಿಯುತ್ತಿದ್ದ ವಿದ್ಯೆ ಒಂದು ವರ್ಷದಲ್ಲಿ, ಹೆಚ್ಚೆಂದರೆ ಎರಡು ವರ್ಷದಲ್ಲಿ ಕೈಗೂಡುತ್ತದೆ ಎಂಬುದೂ ಅವರದೇ ಲೆಕ್ಕ. ತನ್ನ ವಿಧಾನದ ಬಗ್ಗೆ ಗುರು ತಾನೇ ಕೊಟ್ಟ ಸಾಕ್ಷಿ ಎಂದು ಸ್ವಲ್ಪ ಕಳೆದರೂ ಉಳಿಯುವುದು ಕಡಿಮೆಯೇನಲ್ಲ.

ನಮ್ಮ ಸರಿಗಮಕ್ಕೂ ಇದಕ್ಕೂ ಸಂಬಂಧವಿದೆಯೇ ಎಂದು ಕೆಲವರು ಕೇಳುವುದುಂಟು. ಸ, ರಿ, ಗ ಬಹಳ ಹಳೆಯವು, ಷಡ್ಜ, ಋಷಭ, ಗಾಂಧಾರ ಎಂಬ ಸ್ವರಗಳ ಹೆಸರಿನಿಂದಲೇ ಬಂದವು. ಗ್ವಿದೊ ಅವರದು ಒಂದು ಪ್ರಾರ್ಥನೆಯ ಅಕ್ಷರಗಳು. ಎರಡೂ ಕಡೆ ಗುರುಗಳಿಗೆ ಒಂದೇ ಅಗತ್ಯ ಕಂಡಿತೆಂದು ಹೇಳಿದರೆ ಸಾಕು.

ಈ ಬಾಲಕರ ಸುದ್ದಿ ರೋಮ್ ತಲುಪಿತು. ಪೋಪ್ 19ನೇ ಜಾನ್ ಮೂವರು ದೂತರನ್ನು ಕಳುಹಿಸಿ ಗ್ವಿದೊ ಅವರನ್ನು ಕರೆಸಿಕೊಂಡರು. ಅದು ಸುಮಾರು 1028. ಈ ಪೋಪ್ ಬಗ್ಗೆ ಇತಿಹಾಸ ಹೆಚ್ಚು ಒಳ್ಳೆಯದನ್ನು ಹೇಳುವುದಿಲ್ಲ. ಪ್ರಬಲ ಮನೆತನದ ಅವರು ಸಾಮಾನ್ಯ ವಿಶ್ವಾಸಿಯಾಗಿದ್ದವರು ನೇರವಾಗಿ ಪೀಠ ಏರಿದವರು. ಆದರೆ ಆ ದಿನ ಅವರು ಒಬ್ಬ ಒಳ್ಳೆಯ ವಿದ್ಯಾರ್ಥಿಯಾದರು. ಆಂಟಿಫೊನರಿಯ ಹಾಳೆಗಳನ್ನು ಬೆರಗಿನಿಂದ ತಿರುವಿದರು, ನಿಯಮಗಳನ್ನು ಕೇಳಿ ತಿಳಿದರು, ತಾವು ಹಿಂದೆ ಕೇಳಿರದ ಒಂದು ಸಾಲನ್ನು ತಪ್ಪಿಲ್ಲದೆ ಹಾಡುವವರೆಗೆ ಕುಳಿತಲ್ಲಿಂದ ಏಳಲಿಲ್ಲ. ಬೇರೆಯವರ ಬಗ್ಗೆ ಕೇಳಿದಾಗ ನಂಬಲು ಕಷ್ಟವಾಗಿದ್ದುದನ್ನು ತಮ್ಮ ಕಂಠದಲ್ಲೇ ಕಂಡರು.

ಗ್ವಿದೊ ರೋಮಿನಲ್ಲಿ ಹೆಚ್ಚು ದಿನ ಉಳಿಯಲಾಗಲಿಲ್ಲ. ಜೌಗು ನೆಲದ ಬೇಸಿಗೆ ಅವರ ಆರೋಗ್ಯ ಕೆಡಿಸಿತು. ಚಳಿಗಾಲದಲ್ಲಿ ಮರಳಿ ಬಂದು ರೋಮಿನ ಗುರುಗಳಿಗೆ ಕಲಿಸುವ ಮಾತಾಯಿತು. ಅಲ್ಲಿಂದ ಹೊರಟ ಅವರು ಪೊಂಪೋಸಾದ ಮಠಾಧಿಪತಿಯನ್ನು ಕಂಡರು. ಅವರ ಹೆಸರೂ ಗ್ವಿದೊ, ಮುಂದೆ ಸಂತರೆಂದು ಗೌರವಿಸಲ್ಪಟ್ಟವರು. ಆಂಟಿಫೊನರಿಯನ್ನು ನೋಡಿದ ಮಠಾಧಿಪತಿ ಅದನ್ನು ಮೆಚ್ಚಿ, ಹಿಂದೆ ವಿರೋಧಿಗಳ ಜೊತೆ ನಿಂತದ್ದಕ್ಕೆ ಪಶ್ಚಾತ್ತಾಪಪಟ್ಟರು. ಮಠಕ್ಕೆ ಮರಳಿ ಬನ್ನಿ ಎಂದು ಕೇಳಿಕೊಂಡರು. ಬಿಷಪರುಗಳಲ್ಲಿ ಹೆಚ್ಚಿನವರು ಹಣಕ್ಕೆ ಪದವಿ ಕೊಂಡು ಮಾರುವ ಪಾಪದಲ್ಲಿ ಸಿಕ್ಕಿರುವ ಕಾಲದಲ್ಲಿ ಸಂನ್ಯಾಸಿಗೆ ಮಠವೇ ಲೇಸು ಎಂದೂ ಬುದ್ಧಿ ಹೇಳಿದರು. ಒಬ್ಬ ಹಿರಿಯರು ತಮ್ಮ ಕೈಕೆಳಗಿನವರ ಮುಂದೆ ತಪ್ಪನ್ನು ಒಪ್ಪಿಕೊಂಡ ಈ ಪ್ರಸಂಗವೇ ಗ್ವಿದೊ ಅವರ ಬಾಳಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು.

ಇದೆಲ್ಲವೂ ನಮಗೆ ತಿಳಿದಿರುವುದು ಮೈಕಲ್ ಅವರಿಗೆ ಬರೆದ ಆ ಪತ್ರದಿಂದಲೇ. ಆರು ಅಕ್ಷರಗಳ ಪಾಠವನ್ನು ವಿವರಿಸಿರುವುದೂ ಅದರಲ್ಲೇ. ಜೊತೆಗೆ ಅವಮಾನ ಹಂಚಿಕೊಂಡ ಮಿತ್ರನಿಗೆ, ನಮ್ಮ ನಂತರದ ಮಕ್ಕಳು ಸುಲಭವಾಗಿ ಕಲಿತು ನಮಗಾಗಿ ಪ್ರಾರ್ಥಿಸಲಿ ಎಂಬ ಆಸೆಯಿಂದ ಬರೆದದ್ದು. ಅದರ ಕೊನೆಯಲ್ಲಿ, ಆಗ ಎಲ್ಲರೂ ಪ್ರಮಾಣವೆಂದು ಹಿಡಿಯುತ್ತಿದ್ದ ಬೊಯೆಥಿಯುಸ್ ಅವರ ಸಂಗೀತ ಗ್ರಂಥ ತತ್ವಜ್ಞಾನಿಗಳಿಗೆ ಸರಿ, ಗಾಯಕರಿಗೆ ಉಪಯೋಗವಿಲ್ಲ ಎಂದು ಹೇಳಿ ಮುಗಿಸುತ್ತಾರೆ. ತರಗತಿಗೆ ಹೋಗಿ ಬಂದವರ ಧೈರ್ಯ!

ಮುಂದಿನವರು ಅವರ ಪಾಠಕ್ಕೆ ಹಲವನ್ನು ಸೇರಿಸಿದರು. ಎಡಗೈಯ ಬೆರಳ ಗೆಣ್ಣುಗಳಲ್ಲಿ ಸ್ವರಗಳನ್ನು ಗುರುತಿಸಿ ಕಲಿಸುವ ಕೈ ಚಿತ್ರಕ್ಕೆ ಅವರ ಹೆಸರೇ ಅಂಟಿಕೊಂಡಿದೆ, ಅವರ ಬರಹಗಳಲ್ಲಿ ಮಾತ್ರ ಅದಿಲ್ಲ. ಏಳನೆಯ ಸಿ ಅಕ್ಷರ ಸೇರಿದ್ದೂ, ಹಾಡಲು ಕಷ್ಟವಾದ ಉತ್ ಹೋಗಿ ಡೊ ಬಂದದ್ದೂ ಹಲವು ಶತಮಾನಗಳ ನಂತರ. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಸಾರಾ ಗ್ಲೋವರ್ ಮತ್ತು ಜಾನ್ ಕರ್ವೆನ್, 20ನೇ ಶತಮಾನದ ಹಂಗೇರಿಯಲ್ಲಿ ಜೊಲ್ತಾನ್ ಕೊದಾಯ್ ಶಾಲಾ ಮಕ್ಕಳಿಗೆ ನೋಡಿ ಹಾಡುವುದನ್ನು ಕಲಿಸಲು ಇದೇ ಅಕ್ಷರಗಳನ್ನು ಹಿಡಿದರು. 1965ರ ದಿ ಸೌಂಡ್ ಆಫ್ ಮ್ಯೂಸಿಕ್ ಚಿತ್ರದಲ್ಲಿ ಮರಿಯಾ ಮಕ್ಕಳಿಗೆ ಹಾಡು ಕಲಿಸುವ ದೃಶ್ಯವನ್ನು ನೋಡದವರು ನಮ್ಮಲ್ಲಿ ಕಡಿಮೆ.

ಗ್ವಿದೊ ಅವರ ಮರಣದ ದಿನ ದಾಖಲಾಗಿಲ್ಲ. ಅರೆತ್ಸೊ ಪಟ್ಟಣದಲ್ಲಿ 1882ರಲ್ಲಿ ಅವರ ಪ್ರತಿಮೆ ನಿಂತಿತು. ಮೈಕಲ್ ಜೊತೆ ಸೇರಿ ಬರೆದ, ಪೋಪ್ ಕೈಯಲ್ಲಿ ಹಿಡಿದ ಆಂಟಿಫೊನರಿ ಮಾತ್ರ ಕಳೆದುಹೋಯಿತು, ಅದರ ಮುನ್ನುಡಿ ಉಳಿದಿದೆ. ಗ್ರೆಗೋರಿಯನ್ ಗೀತೆಗಳ ಪುಸ್ತಕವೊಂದು ನಿಮ್ಮ ಇಗರ್ಜಿಯ ಹಳೆಯ ಕಪಾಟಿನಲ್ಲಿದ್ದರೆ ತೆಗೆದು ನೋಡಿ. ನಾಲ್ಕು ಗೆರೆಗಳು, ಪ್ರತಿ ಸಾಲಿನ ಆರಂಭದಲ್ಲಿ ಒಂದು ಗುರುತು. ಆ ಗುರುತು ತೋರಿಸುವುದು ಸಿ ಸ್ವರವನ್ನು ಇಲ್ಲವೇ ಎಫ್ ಸ್ವರವನ್ನು, ಗ್ವಿದೊ ಅರೆತ್ಸೊದ ಬಾಲಕರಿಗಾಗಿ ಹಳದಿ ಮತ್ತು ಕೆಂಪು ಬಳಿದ ಅವೇ ಎರಡು ಗೆರೆಗಳನ್ನು.